ಊರು ಬಿಟ್ಟವನ ಹೆಸರು

ಹಾವೇರಿ ಸೀಮೆಯ ಬಸ್ಸುಗಳಲ್ಲಿ ಅಪರಿಚಿತರಿಬ್ಬರು ಒಂದೇ ಆಸನದಲ್ಲಿ ಕುಳಿತು, ಮಳೆಯ ಮಾತು ಆಗಿ, ಗೋವಿನಜೋಳದ ಧಾರಣೆಯ ಮಾತೂ ಆಗಿ, ಇನ್ನು ಮಾತನಾಡಲು ವಿಷಯವಿಲ್ಲವೆನ್ನುವ ಹೊತ್ತಿಗೆ, ಅವರಲ್ಲಿ ಹಿರಿಯನಾದವನು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ನಿಮ್ಮ ಅಡ್ಡಹೆಸರೇನ್ರೀ?” ಬಸಪ್ಪ, ಫಕ್ಕೀರಪ್ಪ, ನಿಂಗಪ್ಪ ಎಂಬ ಹೆಸರುಗಳು ಈ ನಾಡಿನಲ್ಲಿ ಸರ್ವಸಾಧಾರಣವಾದುದರಿಂದ ಅವುಗಳಿಂದ ಯಾರನ್ನೂ ಗುರುತಿಸುವುದು ಶಕ್ಯವಿಲ್ಲ, ಅಡ್ಡಹೆಸರು ತಿಳಿದರೆ ಊರು ತಿಳಿಯಿತು, ಓಣಿ ತಿಳಿಯಿತು, ಅಜ್ಜನ ಕಾಲದ ಬೀಗತನವೇನಾದರೂ ಇದ್ದರೆ ಅದೂ ಹೊರಬಿದ್ದಿತು. ಹೀಗೊಮ್ಮೆ ಹಿರೇಕೆರೂರಿನಿಂದ ಅಬಲೂರಿಗೆ ಹೋಗುತ್ತಿದ್ದಾಗ, ಪಕ್ಕದಲ್ಲಿದ್ದ ವೃದ್ಧರೊಬ್ಬರನ್ನು, ‘ಅಬಲೂರ’ ಎಂಬ ಅಡ್ಡಹೆಸರಿನ ಮನೆತನ ಅಬಲೂರಿನ ಯಾವ ಓಣಿಯಲ್ಲಿದೆಯೆಂದು ನಾನು ಕೇಳಿದೆನು. ಅವರು ನನ್ನನ್ನು ತುಸು ಕನಿಕರದಿಂದಲೇ ನೋಡಿ, “ಊರಾಗ ಇದ್ದಂವ್ಗ ಊರ ಹೆಸರು ಯಾಕ ಬೇಕ್ರೀ? ಅದು ಊರು ಬಿಟ್ಟಂವ್ಗ” ಎಂದು ಹೇಳಿ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಈ ಮಾತನ್ನು ಅವರು ಯಾವ ಗ್ರಂಥದಿಂದಲೂ ಕಲಿತಿರಲಾರರು. ಆದರೆ ಜರ್ಮನಿಯ ನಾಮಶಾಸ್ತ್ರಜ್ಞರು ತಮ್ಮ ಗಾತ್ರವಾದ ನಿಘಂಟುಗಳಲ್ಲಿ ಪ್ರತಿಪಾದಿಸಿರುವ ಒಂದು ತತ್ತ್ವವು ಇದೇ ಆಗಿದೆ. ಸ್ಥಳನಾಮದಿಂದ ಹುಟ್ಟಿದ ಕುಲನಾಮವು ಮನುಷ್ಯನು ಎಲ್ಲಿದ್ದನೆಂಬುದಕ್ಕಿಂತ ಎಲ್ಲಿಂದ ಹೊರಟನೆಂಬುದಕ್ಕೆ ಸಾಕ್ಷಿ. ಸ್ವಾಬಿಯಾ ಪ್ರಾಂತದಲ್ಲಿ ಎಲ್ಲರೂ ಸ್ವಾಬಿಯರೇ ಆಗಿರುವಾಗ ಒಬ್ಬನನ್ನು ಮಾತ್ರ ‘ಶ್ವಾಬ್’ ಎಂದು ಕರೆಯುವುದು ನಿರರ್ಥಕ. ಆ ಪ್ರಾಂತದ ಎಲ್ಲೆಯನ್ನು ದಾಟಿ ನೆರೆನಾಡಿನ ಪಟ್ಟಣವೊಂದರಲ್ಲಿ ಅವನು ಮನೆ ಮಾಡಿದಾಗಲೇ ಆ ಹೆಸರಿಗೆ ಬೆಲೆ. ಬವೇರಿಯದವನು ‘ಬಾಯರ್’ ಆದುದೂ, ಬೊಹೀಮಿಯದವನು ‘ಬ್ಯೋಮ್’ ಆದುದೂ ಪರಸ್ಥಳದಲ್ಲಿಯೇ. ನಮ್ಮಲ್ಲಿಯೂ ಹಾನಗಲ್ಲ, ಬ್ಯಾಡಗಿ, ರಟ್ಟೀಹಳ್ಳಿ, ಮಾಸೂರ, ಶಿಗ್ಗಾಂವಿ ಎಂಬ ಅಡ್ಡಹೆಸರುಗಳೆಲ್ಲ ಹೀಗೆಯೇ ಒಂದು ಗಾಡಿಯ ಪ್ರಯಾಣದಿಂದ ಆರಂಭವಾದವು. ಊರಿನ ಹೆಸರು ‘ಅಬಲೂರು’ ಆದರೆ ಅಡ್ಡಹೆಸರು ‘ಅಬಲೂರ’. ಕೊನೆಯ ಉಕಾರವು ಬಿದ್ದುಹೋಗಿ ಉಳಿದಿರುವ ಆ ಅಕಾರವು ನನ್ನ ಕಿವಿಗಂತೂ ಷಷ್ಠೀ ವಿಭಕ್ತಿಯಂತೆಯೇ ಕೇಳಿಸುತ್ತದೆ, ಅಬಲೂರಿಗೆ ಸೇರಿದವನು, ಆದರೆ ಸದ್ಯಕ್ಕೆ ಅಲ್ಲಿಲ್ಲದವನು ಎಂಬಂತೆ. ಜರ್ಮನರು ಊರಿನ ಹೆಸರಿನ ಮುಂದೆ ‘ಅರ್’ ಎಂಬ ಪ್ರತ್ಯಯವನ್ನು ಹಚ್ಚಿ ನ್ಯೂರ್ನ್‌ಬೆರ್ಗರ್, ಬಾಸ್ಲರ್ ಎಂದು ಮಾಡಿಕೊಳ್ಳುವರು. ಮರಾಠಿಯ ನೆರೆಯಿಂದ ನಮಗೆ ಬಂದ ‘ಕರ’ ಪ್ರತ್ಯಯವು ಮಾಡುವ ಕೆಲಸವೂ ಅದೇ, ವಿದ್ವಾಂಸರಾದ ರಾ. ಯ. ಧಾರವಾಡಕರರ ಹೆಸರಿನಲ್ಲಿ ಕಾಣುವಂತೆ.

ಈ ಬಗೆಯ ಜರ್ಮನ್ ಕುಲನಾಮಗಳಲ್ಲಿ ಕನ್ನಡ ನಾಡಿನ ನೆಲವನ್ನೂ ತುಳಿದು ಹೋದುದೊಂದಿದೆ. ಅದರ ಯಾತ್ರೆಯು ಸ್ವಾರಸ್ಯವಾದುದು. ‘ಹೆಸ್ಸೆ’ ಎಂದರೆ ಜರ್ಮನಿಯ ನಡುನಾಡಾದ ಹೆಸ್ಸೆನ್ ಪ್ರಾಂತದವನು ಎಂದಷ್ಟೇ ಅರ್ಥ. ಈ ಹೆಸರನ್ನು ಹೊತ್ತ ಒಂದು ಮನೆತನವು ಬಾಲ್ಟಿಕ್ ಸಮುದ್ರತೀರದ ವ್ಯಾಪಾರಿ ಪಟ್ಟಣವಾದ ಲ್ಯೂಬೆಕ್ಕಿನಲ್ಲಿತ್ತು, ಎಂದರೆ ಹೆಸ್ಸೆನ್ನಿನಿಂದ ಅದಾಗಲೇ ಬಹುದೂರ ಬಂದಿತ್ತು. ಅಲ್ಲಿಂದ ಅದು ರಷ್ಯಾ ಸಾಮ್ರಾಜ್ಯದ ಅಧೀನದಲ್ಲಿದ್ದ ಬಾಲ್ಟಿಕ್ ಸೀಮೆಗೆ ಹೋಯಿತು. ಇಂದಿನ ಎಸ್ತೋನಿಯಾದ ಪೈದೆ ಎಂಬ, ಜರ್ಮನರು ವೈಸೆನ್‌ಸ್ಟೈನ್ ಎಂದು ಕರೆಯುತ್ತಿದ್ದ ಸಣ್ಣ ಊರಿನಲ್ಲಿ ಆ ಮನೆತನದ ವೈದ್ಯನೊಬ್ಬನಿಗೆ 1847ರಲ್ಲಿ ಯೊಹಾನೆಸ್ ಎಂಬ ಮಗನು ಹುಟ್ಟಿದನು. ಅವನು ಜರ್ಮನ್ ಮಾತನಾಡುವ, ರಷ್ಯಾದ ಚಕ್ರವರ್ತಿಯ ಪ್ರಜೆ. ಎಸ್ತೋನಿಯನ್ನರ ನಡುವೆ ಬೆಳೆದವನು. ಹೆಸ್ಸೆನ್ನಿಗೂ ಅವನಿಗೂ ಇದ್ದ ಸಂಬಂಧವೆಂದರೆ ಹೆಸರಿನ ಎರಡು ಅಕ್ಷರ. ಬಾಸೆಲ್ ಮಿಶನ್ನಿಗೆ ಸೇರಿ 1869ರಲ್ಲಿ ಭಾರತಕ್ಕೆ ಹೊರಟು, ಮಂಗಳೂರಿನಲ್ಲಿ ಕೆಲವು ವರ್ಷ ಕೆಲಸಮಾಡಿ, ಕರಾವಳಿಯ ಹವೆಯು ದೇಹಕ್ಕೆ ಒಗ್ಗದೆ 1873ರಲ್ಲಿ ಯೂರೋಪಿಗೆ ಹಿಂದಿರುಗಿದ ಈತನು, ದಕ್ಷಿಣ ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿದ್ದ ಹರ್ಮನ್ ಗುಂಡರ್ಟರ ಆಶ್ರಯದಲ್ಲಿ ಮಿಶನ್ನಿನ ಪುಸ್ತಕ ಪ್ರಕಟಣೆಯ ಕಾರ್ಯಕ್ಕೆ ನಿಂತನು. ಗುಂಡರ್ಟರೆಂದರೆ ಮಲಯಾಳ ಭಾಷೆಗೆ 1872ರಲ್ಲಿ ನಿಘಂಟನ್ನು ಕೊಟ್ಟ ಮಹನೀಯರು. ಅವರ ಮಗಳು ಮರಿಯಾ ತಲಶ್ಶೇರಿಯಲ್ಲಿ ಹುಟ್ಟಿದವಳು. ಯೊಹಾನೆಸನಿಗೂ ಮರಿಯಾಳಿಗೂ 1874ರಲ್ಲಿ ವಿವಾಹವಾಗಿ, 1877ರಲ್ಲಿ ಜನಿಸಿದ ಮಗನೇ ಮುಂದೆ ‘ಸಿದ್ಧಾರ್ಥ’ವನ್ನು ಬರೆದು, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಮನ್ ಹೆಸ್ಸೆ. ಆತನು ಬಾಳಿನ ಉತ್ತರಾರ್ಧವನ್ನು ಕಳೆದು 1962ರಲ್ಲಿ ಕಣ್ಣು ಮುಚ್ಚಿದುದು ಸ್ವಿಟ್ಜರ್ಲೆಂಡಿನ ಇಟಾಲಿಯನ್ ಭಾಷೆಯ ಸೀಮೆಯಲ್ಲಿರುವ ಮೊಂತಾಞೋಲಾ ಗ್ರಾಮದಲ್ಲಿ. ಲ್ಯೂಬೆಕ್, ವೈಸೆನ್‌ಸ್ಟೈನ್, ಮಂಗಳೂರು, ಕಾಲ್ವ್, ಮೊಂತಾಞೋಲಾ: ಹೆಸ್ಸೆನ್ನಿನವನೆಂದು ಕರೆಯಿಸಿಕೊಂಡ ಮನೆತನವು ಕಂಡ ಊರುಗಳಲ್ಲಿ ಹೆಸ್ಸೆನ್ನಿನ ಊರು ಒಂದೂ ಇಲ್ಲ.

ಕುಲನಾಮಗಳು ಜರ್ಮನಿಯಲ್ಲಿ ಹುಟ್ಟಿಕೊಂಡ ಬಗೆಯೂ ನಮ್ಮ ಬಸ್ಸಿನ ಪ್ರಶ್ನೆಗೆ ಬಹಳ ದೂರವಾದುದಲ್ಲ. ಹನ್ನೆರಡನೆಯ ಶತಮಾನದ ಸುಮಾರಿಗೆ ರೈನ್ ನದಿಯ ದಂಡೆಯ ಪಟ್ಟಣಗಳು ಬೆಳೆದು, ಒಂದೇ ಓಣಿಯಲ್ಲಿ ನಾಲ್ವರು ಯೊಹಾನೆಸರೂ ಐವರು ಹೈನ್ರಿಷರೂ ಇರತೊಡಗಿ, ಮನೆಯ ಕ್ರಯಪತ್ರದಲ್ಲಿ ಯಾವ ಹೈನ್ರಿಷನೆಂದು ಬರೆಯಬೇಕೆಂಬ ತೊಡಕು ಹುಟ್ಟಿದಾಗ, ಕರಣಿಕನು ತಂದೆಯ ಹೆಸರನ್ನೋ, ಕಸುಬನ್ನೋ, ಊರನ್ನೋ, ಮೈಯ ಲಕ್ಷಣವನ್ನೋ, ಮನೆಯಿದ್ದ ಜಾಗವನ್ನೋ ಜೊತೆಗೆ ಸೇರಿಸಿದನು. ಅಲ್ಲಿಂದ ಆ ರೂಢಿಯು ಮೆಲ್ಲನೆ ಪೂರ್ವಕ್ಕೂ ಉತ್ತರಕ್ಕೂ ಹರಡಿ, ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿಯತೊಡಗಿತು. ಕಬ್ಬಿಣ ಕಾಸುವವನು ‘ಶ್ಮಿಟ್’, ನಮ್ಮ ಕಂಬಾರ. ಮಣ್ಣು ತಿರುಗಿಸುವವನು ‘ಟ್ಯೋಪ್ಫರ್’, ನಮ್ಮ ಕುಂಬಾರ. ಬಟ್ಟೆ ಹೊಲಿಯುವವನು ‘ಶ್ನೈಡರ್’, ನಮ್ಮ ಸಿಂಪಿ. ‘ಆಲ್ಟ್‌ಹೌಸ್’ ಎಂಬ ಹೆಸರನ್ನು ಕನ್ನಡಿಸಿದರೆ ಅಕ್ಷರಶಃ ಹಳೇಮನಿ, ‘ನೊಯ್‌ಹೌಸ್’ ಎಂಬುದನ್ನು ಕನ್ನಡಿಸಿದರೆ ಹೊಸಮನಿ. ನಮ್ಮ ಸೀಮೆಯ ದೊಡ್ಡಮನಿ, ಮೂಲಿಮನಿ ಮೊದಲಾದವರು ಜರ್ಮನಿಗೆ ಹೋಗಿ ತಮ್ಮ ಹೆಸರಿನ ಅರ್ಥವನ್ನು ಬಿಡಿಸಿ ಹೇಳಿದರೆ ಅಲ್ಲಿಯವರಿಗೆ ಆಶ್ಚರ್ಯವಾಗಲಾರದು.

ಮೂಲಿಮನಿಯೆಂದೊಡನೆ ಒಂದು ಎಚ್ಚರಿಕೆಯ ಮಾತು ನೆನಪಾಗುತ್ತದೆ. ಜರ್ಮನ್ ಭಾಷೆಯಲ್ಲಿ ‘ವಿಂಕೆಲ್’ ಎಂದರೆ ಮೂಲೆ. ಆದುದರಿಂದ ‘ವಿಂಕ್ಲರ್’ ಎಂಬಾತನು ಮೂಲಿಮನಿಯವನೆಂದು ಹೇಳಿಬಿಡುವುದು ಸುಲಭ. ಆದರೆ ಅದೇ ಶಬ್ದಕ್ಕೆ ಕೆಲವು ಸೀಮೆಗಳಲ್ಲಿ ಚಿಕ್ಕ ಅಂಗಡಿಯೆಂಬ ಅರ್ಥವೂ ಇದ್ದಿತು, ನೆರೆಯ ಡಚ್ಚರು ಇಂದಿಗೂ ಅಂಗಡಿಗೆ ವಿಂಕೆಲ್ ಎಂದೇ ಹೇಳುತ್ತಾರೆ. ಹಾಗಾಗಿ ಒಬ್ಬ ವಿಂಕ್ಲರನು ಮೂಲಿಮನಿಯಾದರೆ ಇನ್ನೊಬ್ಬ ವಿಂಕ್ಲರನು ಅಂಗಡಿ. ಹೆಸರು ಒಂದೇ ಆದ ಮಾತ್ರಕ್ಕೆ ರಕ್ತವೂ ಒಂದೇ ಎಂದು ಭಾವಿಸಿ ವಂಶವೃಕ್ಷವನ್ನು ಬರೆಯಹೊರಡುವ ಉತ್ಸಾಹಿಗಳು, ಊರಿಗೊಂದು ಹಿರೇಮಠವೂ ತಾಲೂಕಿಗೆರಡು ಹೊಸೂರುಗಳೂ ಇರುವ ನಮ್ಮ ನಾಡಿನಲ್ಲಿ ಇನ್ನೂ ಹೆಚ್ಚು ಜಾಗರೂಕರಾಗಿರಬೇಕು.

ಅಧಿಕಾರದಿಂದ ಬಂದ ಹೆಸರುಗಳ ಗುಂಪು ಬೇರೊಂದುಂಟು. ಅಬಲೂರು ಈ ವಿಷಯದಲ್ಲಿ ಮೌನವಾಗಿಲ್ಲ. ಜರ್ಮನಿಯ ‘ಶುಲ್ತ್ಸೆ’ ಎಂಬ ಕುಲನಾಮವು ‘ಶುಲ್ತ್‌ಹೈಸ್’ ಎಂಬ ಹಳೆಯ ಪದವಿಯಿಂದ ಬಂದುದು. ಸಲ್ಲತಕ್ಕುದನ್ನು ಸಲ್ಲಿಸೆಂದು ಅಪ್ಪಣೆ ಮಾಡುವವನು ಎಂದು ಅದರ ಶಬ್ದಾರ್ಥ. ಊರಿನ ತೆರಿಗೆಯನ್ನು ಎತ್ತಿ ಒಡೆಯನಿಗೆ ಒಪ್ಪಿಸುವ, ಜಗಳಗಳನ್ನು ಬಗೆಹರಿಸುವ ಆ ಅಧಿಕಾರಿಯು ನಮ್ಮ ಗೌಡನಲ್ಲದೆ ಮತ್ತಾರು? ಅಬಲೂರಿನ ದೇವಾಲಯದಲ್ಲಿ ಸುಮಾರು 1200ರ ಕಾಲದ ದೀರ್ಘವಾದ ಶಾಸನವೊಂದಿದೆ. ಶಿವಭಕ್ತನಾದ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಆ ಶಾಸನದಲ್ಲಿ ಅವನ ಎದುರಾಳಿಯಾಗಿ ಬರುವ ಊರ ಮುಖಂಡನ ಹೆಸರು ಶಂಕಗಾವುಂಡ. ಇಲ್ಲಿಯ ‘ಗಾವುಂಡ’ ಎಂಬುದು ಇನ್ನೂ ಪದವಿಯೇ, ಕುಲನಾಮವಾಗಿ ಗಟ್ಟಿಗೊಂಡಿಲ್ಲ. ಪದವಿಯು ಹೋದ ಮೇಲೂ ಹೆಸರು ಉಳಿದು, ಗೌಡಿಕೆಯ ಗಂಧವಿಲ್ಲದ ಗೌಡರೂ ದಫ್ತರವನ್ನು ಕಂಡರಿಯದ ಕುಲಕರ್ಣಿಯವರೂ ಹುಟ್ಟಿಕೊಂಡುದು ಬಹುಕಾಲದ ನಂತರ. ಶುಲ್ತ್ಸೆಗಳ ಗತಿಯೂ ಅಷ್ಟೇ.

ರಾಮಯ್ಯನ ಹೆಸರಿನ ವಿಷಯವು ಇನ್ನೂ ವಿಚಾರಾರ್ಹ. ಅವನಿಗೆ ಕುಲನಾಮವೆಂಬುದು ಇಲ್ಲ. ‘ಏಕಾಂತದ’ ಎಂಬುದು ಅವನ ಭಕ್ತಿಯ ರೀತಿಯಿಂದ ಬಂದ ವಿಶೇಷಣ. ಆದುದರಿಂದ ಅವನು ಯಾರೆಂದು ತಿಳಿಸಬೇಕಾದಾಗ ಶಾಸನಕವಿಯು, ಅವನು ಅಲಂದೆಯಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ, ಪುರುಷೋತ್ತಮಭಟ್ಟನಿಗೂ ಪದ್ಮಾಂಬಿಕೆಗೂ ಹುಟ್ಟಿದನೆಂದೂ, ಅಲ್ಲಿಂದ ಪುಲಿಗೆರೆಗೆ, ಎಂದರೆ ಲಕ್ಷ್ಮೇಶ್ವರಕ್ಕೆ ಬಂದನೆಂದೂ, ಅಲ್ಲಿಯ ಸೋಮನಾಥನ ಆಜ್ಞೆಯಂತೆ ಅಬ್ಬಲೂರಿಗೆ ನಡೆದನೆಂದೂ ವಿಸ್ತಾರವಾಗಿ ಹೇಳಬೇಕಾಯಿತು. ಇಂದಾದರೆ ಇಷ್ಟೆಲ್ಲವೂ ‘ರಾಮಯ್ಯ ಪುರುಷೋತ್ತಮ ಆಳಂದ’ ಎಂಬ ಮೂರು ಶಬ್ದಗಳಲ್ಲಿ ಅಡಗಿ, ಹಾಜರಿ ಪುಸ್ತಕದ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಒಂದು ವಲಸೆಯ ಕಥೆಯನ್ನು ಒಂದು ಶಬ್ದಕ್ಕೆ ಇಳಿಸಿದುದೇ ಸ್ಥಳವಾಚಿ ಅಡ್ಡಹೆಸರು. ಶಾಸನವು ಅದನ್ನು ಬಿಚ್ಚಿ ಹರವಿದ ರೂಪ. ಅಬಲೂರಿನ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದವರು ಫ್ಲೀಟ್ ಸಾಹೇಬರು. ಪ್ರಸಂಗವಶಾತ್ ಹೇಳುವುದಾದರೆ, ಇಂಗ್ಲಿಷಿನ ‘ಫ್ಲೀಟ್’ ಎಂಬ ಕುಲನಾಮಕ್ಕೆ ಹಳ್ಳ ಅಥವಾ ತೊರೆಯ ದಂಡೆಯಲ್ಲಿರುವವನೆಂದು ಅರ್ಥ. ಕನ್ನಡ ಶಾಸನಗಳಿಗಾಗಿ ಅಷ್ಟು ದುಡಿದ ಆ ವಿದ್ವಾಂಸರನ್ನು ನಾವು ‘ಹಳ್ಳದ’ ಅವರೆಂದು ಕರೆದಿದ್ದರೂ ತಪ್ಪಾಗುತ್ತಿರಲಿಲ್ಲ.

ಕನ್ನಡಿಗರಿಗೆ ಎಲ್ಲಕ್ಕಿಂತ ಹತ್ತಿರವಾದ ಜರ್ಮನ್ ಕುಲನಾಮವು ಕಿಟ್ಟೆಲ್ ಎಂಬುದು. 1832ರಲ್ಲಿ ಹುಟ್ಟಿ, 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ ಮಂಗಳೂರು ಮಡಿಕೇರಿ ಮೊದಲಾದ ಊರುಗಳಲ್ಲಿದ್ದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಲೋಕಕ್ಕೆ ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ಲರು ಸಾವಿರಾರು ಕನ್ನಡ ಶಬ್ದಗಳ ಮೂಲವನ್ನು ಶೋಧಿಸಿದರು. ಅವರ ಹೆಸರಿನ ಮೂಲವನ್ನು ವಿಚಾರಿಸಿದ ಕನ್ನಡಿಗರು ವಿರಳ. ಜರ್ಮನ್ ಭಾಷೆಯಲ್ಲಿ ‘ಕಿಟ್ಟೆಲ್’ ಎಂದರೆ ಮೈಮೇಲೆ ಸಡಿಲವಾಗಿ ತೊಡುವ ನಿಲುವಂಗಿ. ವೈದ್ಯರು ಆಸ್ಪತ್ರೆಯಲ್ಲಿ ಧರಿಸುವ ಬಿಳಿಯ ಕೋಟಿಗೆ ಅಲ್ಲಿ ಈಗಲೂ ಅದೇ ಹೆಸರು. ಅಂತಹ ಅಂಗಿಯನ್ನು ಹೊಲಿಯುತ್ತಿದ್ದ, ಇಲ್ಲವೆ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ತೊಟ್ಟುಕೊಂಡು ಓಡಾಡುತ್ತಿದ್ದ ಯಾವನೋ ಪೂರ್ವಜನಿಂದ ಈ ಹೆಸರು ಹುಟ್ಟಿತು. ನಮ್ಮಲ್ಲಿ ಅಂಗಿಯೆಂಬ ಅಡ್ಡಹೆಸರಿದ್ದರೆ ಅದಕ್ಕೆ ಸರಿಯಾದ ಪರ್ಯಾಯ.

ಆದರೆ ಫರ್ಡಿನಾಂಡರು ಹುಟ್ಟಿದುದು ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆಯಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಉತ್ತರ ಸಮುದ್ರದ ಅಲೆಗಳಿಗೆ ಒಡ್ಡು ಕಟ್ಟಿಕೊಂಡು ಬಾಳುವ ಆ ಸೀಮೆಯ ಜನರು ಅಡ್ಡಹೆಸರಿನ ವಿಷಯದಲ್ಲಿ ಉಳಿದ ಜರ್ಮನರಿಗಿಂತ ಭಿನ್ನರಾಗಿದ್ದರು. ಯಾನ್ ಎಂಬವನ ಮಗ ಯಾನ್ಸೆನ್. ಆ ಯಾನ್ಸೆನ್ನನ ಹೆಸರು ಹಾರ್ಮ್ ಎಂದಿದ್ದರೆ ಅವನ ಮಗನು ಹಾರ್ಮ್ಸ್. ಹೀಗೆ ತಲೆಮಾರಿಗೊಮ್ಮೆ ಹೆಸರು ಮಗ್ಗುಲು ಬದಲಿಸುತ್ತಿತ್ತು. ನೆಪೋಲಿಯನ್ನನ ಆಡಳಿತವು ಅಲ್ಲಿಗೆ ಬಂದು 1811ರಲ್ಲಿ, ಪ್ರತಿಯೊಂದು ಮನೆತನವೂ ಸ್ಥಿರವಾದ ಕುಲನಾಮವನ್ನು ಇಟ್ಟುಕೊಳ್ಳತಕ್ಕದ್ದೆಂದು ಆಜ್ಞೆ ಮಾಡಿತು. ಜನರು ಆ ಆಜ್ಞೆಯನ್ನು ಕೇಳಿಯೂ ಕೇಳದವರಂತೆ ಬಹುಕಾಲ ತಮ್ಮ ಹಳೆಯ ರೂಢಿಯನ್ನೇ ನಡೆಸಿಕೊಂಡು ಬಂದರು. ಅಂತಹ ಯಾನ್ಸೆನ್ನರ ನಾಡಿನಲ್ಲಿ ಕಿಟ್ಟೆಲ್ ಎಂಬ ಹೆಸರೇ ಒಂದು ಬೇರೆಯ ಸ್ವರ. ತಂದೆಯ ಹೆಸರಿನಿಂದ ಬಂದುದಲ್ಲವಾದ ಅದು, ಬೇರೆಡೆಯಲ್ಲಿ ಹುಟ್ಟಿ ಅಲ್ಲಿಗೆ ಬಂದ ಹೆಸರೆಂದು ಊಹಿಸುವುದು ಅಯುಕ್ತವಲ್ಲ.

ಹೆಸರನ್ನು ಕೊನೆಗೆ ಕಲ್ಲಿನಂತೆ ಗಟ್ಟಿ ಮಾಡಿದುದು ಸರಕಾರದ ಲೆಕ್ಕಣಿಕೆ. ಜರ್ಮನ್ ಸಾಮ್ರಾಜ್ಯದಲ್ಲೆಲ್ಲ 1876ರಿಂದ ಜನನ ಮರಣ ವಿವಾಹಗಳ ನೋಂದಣಿಯು ಸರಕಾರದ ಕಚೇರಿಗೆ ಸೇರಿದ ಮೇಲೆ, ಅಂದು ಗುಮಾಸ್ತನು ಬರೆದ ಕಾಗುಣಿತವೇ ಶಾಶ್ವತವಾಯಿತು. ಕನ್ನಡದಲ್ಲಿ ‘ಮೈಯರ್’ ಎಂದು ಒಂದೇ ರೀತಿಯಲ್ಲಿ ಬರೆಯಬಹುದಾದ ಹೆಸರನ್ನು ಜರ್ಮನರು ನಾಲ್ಕಾರು ಬಗೆಯಲ್ಲಿ ಬರೆಯುವರು. ಪ್ರತಿಯೊಬ್ಬನೂ ತನ್ನದೇ ಶುದ್ಧವೆಂದು ಸಾಧಿಸುವನು. ನಮ್ಮ ಮುಂಬಯಿ ಕರ್ನಾಟಕದಲ್ಲಿ ಈ ಕೆಲಸವನ್ನು ಕಂದಾಯದ ದಫ್ತರವೂ ಶಾಲೆಯ ಹಾಜರಿ ಪುಸ್ತಕವೂ ಹಂಚಿಕೊಂಡವು. ನನ್ನ ಬಂಧುಗಳಾದ ಅಣ್ಣತಮ್ಮಂದಿರಿಬ್ಬರಲ್ಲಿ ಹಿರಿಯನನ್ನು ಒಬ್ಬ ಮಾಸ್ತರರು ‘ಹೊಸಮನಿ’ ಎಂದು ಬರೆದುಕೊಂಡರು. ಗ್ರಾಂಥಿಕ ಭಾಷೆಯ ಅಭಿಮಾನಿಗಳಾದ ಇನ್ನೊಬ್ಬ ಮಾಸ್ತರರು ಕಿರಿಯನನ್ನು ‘ಹೊಸಮನೆ’ ಎಂದು ಬರೆದರು. ತಂದೆಯ ಹೊಲವನ್ನು ಪಾಲು ಮಾಡಿಕೊಳ್ಳುವ ದಿನ ಬಂದಾಗ, ತಾವಿಬ್ಬರೂ ಒಂದೇ ಮನೆಯವರೆಂದು ಸಿದ್ಧಪಡಿಸಲು ಅವರು ಪ್ರಮಾಣಪತ್ರಗಳನ್ನು ಹೊತ್ತು ಅಲೆದಾಡಿದುದನ್ನು ನಾನು ಕಂಡಿದ್ದೇನೆ. ಸಮುದ್ರ ದಾಟಿದವರ ಹೆಸರಿಗಂತೂ ಇದಕ್ಕಿಂತ ದೊಡ್ಡ ಅವಾಂತರ: 1850ರಲ್ಲಿ ನ್ಯೂಯಾರ್ಕಿಗೆ ಹೋದ ಪಿಯಾನೋ ಶಿಲ್ಪಿ ಹೈನ್ರಿಷ್ ಸ್ಟೈನ್‌ವೆಗ್ ಅಲ್ಲಿ ಸ್ಟೈನ್‌ವೇ ಆದನು, ಕಲ್ಲುಹಾದಿಯೆಂಬ ಅವನ ಹೆಸರಿನ ಪೂರ್ವಾರ್ಧವು ಜರ್ಮನ್ನಿನಲ್ಲಿಯೇ ಉಳಿದು ಉತ್ತರಾರ್ಧವು ಇಂಗ್ಲಿಷಾಯಿತು.

ಊರು ಮನುಷ್ಯನ ಹೆಸರಾಗುವಂತೆ ಮನುಷ್ಯನ ಹೆಸರು ಊರಿಗೆ ಹೋಗುವುದೂ ಉಂಟು. ಹೊಸಬನೆಂಬ ಅರ್ಥದ ‘ನೊಯ್‌ಮನ್’ ಎಂಬ ಜರ್ಮನ್ ಹೆಸರನ್ನು ಒಬ್ಬಾತನು ಪಾಂಡಿತ್ಯದ ಮೋಹದಿಂದ ಗ್ರೀಕಿಗೆ ತಿರುಗಿಸಿ ‘ನೆಯಾಂಡರ್’ ಎಂದು ಮಾಡಿಕೊಂಡನು. ಅವನ ಮೊಮ್ಮಗನಾದ ಯೊವಾಖಿಮ್ ನೆಯಾಂಡರನು ಹದಿನೇಳನೆಯ ಶತಮಾನದಲ್ಲಿ ಡ್ಯೂಸೆಲ್‌ಡಾರ್ಫಿನ ಬಳಿಯ ಕಣಿವೆಯೊಂದರಲ್ಲಿ ವಿಹರಿಸುತ್ತ ಭಕ್ತಿಗೀತಗಳನ್ನು ಕಟ್ಟಿದುದರಿಂದ ಆ ಕಣಿವೆಗೆ ನೆಯಾಂಡರ್ತಾಲ್ ಎಂಬ ಹೆಸರು ಬಂದಿತು. 1856ರಲ್ಲಿ ಅಲ್ಲಿ ಅತಿಪ್ರಾಚೀನ ಮಾನವನ ಎಲುಬುಗಳು ದೊರೆತವು. ಹೊಸಬನೆಂಬ ಹೆಸರು ಹೀಗೆ ಸುತ್ತಿ ಸುತ್ತಿ ಎಲ್ಲರಿಗಿಂತ ಹಳಬನಿಗೆ ಹೋಗಿ ಹತ್ತಿತು. ಬೆಂಗಳೂರಿನ ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರವೆಂದು ನಾಮಕರಣವಾಗಿದೆ. ಅಲ್ಲಿಂದ ಹೊರಟ ಕುಟುಂಬವೊಂದು ಎಲ್ಲಿಯೋ ನೆಲಸಿ ಕಿಟ್ಟೆಲ್ ಎಂಬ ಅಡ್ಡಹೆಸರನ್ನು ಪಡೆದರೆ, ಮುಂದಿನ ಶತಮಾನದ ವಂಶವೃಕ್ಷಕಾರರಿಗೆ ಒಳ್ಳೆಯ ಕೆಲಸ ಸಿಕ್ಕೀತು.

ನಮ್ಮ ಸೀಮೆಯ ಪ್ರಸಿದ್ಧರನ್ನೇ ಬಸ್ಸಿನ ವೃದ್ಧರ ಸೂತ್ರದಿಂದ ಅಳೆದು ನೋಡಿದರೆ ಅದು ಎಷ್ಟು ಬಿಗಿಯಾದುದೆಂಬುದು ಗೊತ್ತಾಗುತ್ತದೆ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದುದು ಸವಣೂರಿನಲ್ಲಿ. ಗೋಕಾಕವು ಅವರ ಹೆಸರಿನಲ್ಲಿತ್ತು. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಜನಿಸಿದುದು ಧಾರವಾಡದಲ್ಲಿ. ಅವರ ಹೆಸರಿನ ಕೊನೆಯಲ್ಲಿದ್ದುದು ತಂದೆಯ ಅಡ್ಡಹೆಸರೂ ಅಲ್ಲ, ಪತಿಯ ಅಡ್ಡಹೆಸರೂ ಅಲ್ಲ, ಊರು. ಆ ಊರನ್ನು ಅವರ ಕಂಠವು ಹಿಂದುಸ್ತಾನದ ಸಭೆಗಳಿಗೆಲ್ಲ ಕೊಂಡೊಯ್ದಿತು. ಹಳೆಯ ಮೈಸೂರಿನವರು ಊರನ್ನು ಹೆಸರಿನ ಬಾಲಕ್ಕೆ ಕಟ್ಟದೆ ತಲೆಗೆ ಕಟ್ಟುವರಾದರೂ ನಿಯಮವು ಬದಲಾಗುವುದಿಲ್ಲ: ದೇವನಹಳ್ಳಿಯ ‘ಡಿ’ಯನ್ನು ಹೊತ್ತ ಗುಂಡಪ್ಪನವರು ಹುಟ್ಟಿದುದು ಮುಳಬಾಗಿಲಿನಲ್ಲಿ. ಶಿಶುನಾಳದ ಶರೀಫರನ್ನು ಅಪವಾದವೆಂದು ಯಾರಾದರೂ ಮುಂದಿಡಬಹುದು, ಏಕೆಂದರೆ ಅವರು 1819ರಲ್ಲಿ ಹುಟ್ಟಿದುದೂ, ಬಾಳಿ ಸಮಾಧಿಯಾದುದೂ ಶಿಗ್ಗಾಂವಿ ತಾಲೂಕಿನ ಅದೇ ಶಿಶುವಿನಹಾಳದಲ್ಲಿ. ಆದರೆ ಮನುಷ್ಯನು ಊರು ಬಿಡದಿದ್ದರೂ ಅವರ ಪದಗಳು ಊರು ಬಿಟ್ಟವಲ್ಲವೆ? ತಂಬೂರಿಯವರ ಕೊರಳಿನಲ್ಲಿ ಪರವೂರಿಗೆ ಹೋದ ಪದಗಳಿಗೆ ಯಾವೂರ ಶರೀಫರದೆಂದು ಹೇಳಬೇಕಾಯಿತು.

ಇನ್ನು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರ ಹೆಸರಿನಲ್ಲಿರುವುದು ಹೂವಿನಹಡಗಲಿ ಸೀಮೆಯ ಉತ್ತಂಗಿ ಎಂಬ ಗ್ರಾಮ. ಜರ್ಮನರೂ ಸ್ವಿಸ್ಸರೂ ಕಟ್ಟಿದ ಬಾಸೆಲ್ ಮಿಶನ್ನಿನಲ್ಲಿ ಉಪದೇಶಕರಾಗಿದ್ದ ಈ ಕ್ರೈಸ್ತ ಸಜ್ಜನರು, ಊರೂರು ತಿರುಗಿ ಓಲೆಗರಿಗಳನ್ನೂ ಬಾಯಿಪಾಠವನ್ನೂ ಕೂಡಿಸಿ, ಸರ್ವಜ್ಞನ ವಚನಗಳನ್ನು 1924ರಲ್ಲಿ ಸಂಗ್ರಹವಾಗಿ ಪ್ರಕಟಿಸಿದರು. ಸರ್ವಜ್ಞನೆಂದ ಮೇಲೆ ಅಬಲೂರಿಗೆ ಹಿಂದಿರುಗಲೇಬೇಕು. ತಂದೆ ಮಾಸೂರಿನ ಬಸವರಸನೆಂದೂ, ತಾಯಿ ಅಬಲೂರಿನ ಕುಂಬಾರರ ಮಾಳಿಯೆಂದೂ ಪರಂಪರೆಯು ಹೇಳುತ್ತದೆ. ಹುಟ್ಟೂರು ತಮ್ಮದೆಂದು ಎರಡು ಊರಿನವರೂ ಹೇಳಿಕೊಳ್ಳುತ್ತಾರೆ. ಅವನಿಗೆ ಅಡ್ಡಹೆಸರಿಲ್ಲ, ಸರ್ವಜ್ಞನೆಂಬುದು ಅಂಕಿತ. ಈ ವ್ಯಾಜ್ಯವನ್ನು ನಾನು ಆ ದಿನ ಬಸ್ಸಿನಲ್ಲಿ ವೃದ್ಧರ ಮುಂದಿಟ್ಟು, ಅವನೊಂದು ಅಡ್ಡಹೆಸರನ್ನು ಇಟ್ಟುಕೊಂಡಿದ್ದರೆ ಮಾಸೂರೋ ಅಬಲೂರೋ ಎಂಬುದು ತೀರ್ಮಾನವಾಗುತ್ತಿತ್ತಲ್ಲವೆ ಎಂದೆನು. ಬಸ್ಸು ಅಬಲೂರಿನಲ್ಲಿ ನಿಂತಿತ್ತು. ಅವರು ಚೀಲವನ್ನು ಹೆಗಲಿಗೇರಿಸಿಕೊಂಡು ಇಳಿಯುತ್ತ, “ಅಬಲೂರ ಅಂತ ಇಟ್ಕೊಂಡಿದ್ರ ಏನ್ ತಿಳೀತಿತ್ರೀ? ಇಲ್ಲಿಂದ ಹ್ವಾದ ಅಂತ ತಿಳೀತಿತ್ತು, ಅಷ್ಟ” ಎಂದರು.